ಅಲ್ಲ ಅನ್ನಲು ಬಾರದ ಹುಡುಗಿ

ಕಳೆದ ಮಂಗಳವಾರ ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ಶಾಂತಾ ಎಂಬ ಹುಡುಗಿ ಕೈಯಿಂದ ಎಲ್ಲವನ್ನೂ ಸರಿ ಮಾಡಿ, ಬಾಯಿಂದ ಎಲ್ಲವನ್ನೂ ತಪ್ಪು ಹೇಳಿದಳು. ನಾನು ಎದುರಿಗೇ ಕೂತಿದ್ದೆ. ತುಟಿ ಪಿಟಕ್ಕೆನ್ನುವಂತಿರಲಿಲ್ಲ.

ಬಿ.ಎಸ್ಸಿ. ಕಡೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಪರೀಕ್ಷಕರು ಇಬ್ಬರು. ಕಲಿಸಿದ ನಾನು, ಧಾರವಾಡದಿಂದ ಬಂದ ಹಿರಿಯ ಪ್ರೊಫೆಸರರು. (ಸಜ್ಜನರು. ಕುಡಿಯುವ ನೀರನ್ನು ಮಾತ್ರ ಥರ್ಮಾಸಿನಲ್ಲಿ ಮನೆಯಿಂದಲೇ ತಂದಿದ್ದರು. ಗದಗಿನ ಸವಳು ನೀರು ನಿಮಗೆ ಗೊತ್ತಲ್ಲ.) ಪ್ರಯೋಗ ಮುಗಿದ ಮೇಲೆ ಅವರು ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳುತ್ತಾರೆ. ಅದಕ್ಕೆ ವೈವಾ ಅಂತ ಹೆಸರು.

ಶಾಂತಾ ಹಮ್ಮಿಗಿಯವಳು. ಬೆಟಗೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾಳೆ. ಎಂ.ಎಸ್ಸಿ. ಮಾಡಬೇಕೆಂಬ ಆಸೆ. ಊರಿನ ಮನೆಯ ಯಜಮಾನಿಕೆ ದೊಡ್ಡಪ್ಪನದು. ಒಂದು ಸಲ ಫೇಲಾದರೂ ಓದು ಬಂದ್ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದಾರೆ.

ಆವತ್ತು ಅವಳ ಕೆಲಸ ನೋಡಬೇಕಿತ್ತು ನೀವು. ಪಿಪೆಟ್ಟು ಅಂದರೆ ದ್ರಾವಣವನ್ನು ಅಳೆದು ಬಿಡುವ ಗಾಜಿನ ಕೊಳವೆ. ಕೊನೆಗೆ ಅದರ ತುದಿಯಲ್ಲೊಂದು ಹನಿ ಉಳಿಯುತ್ತದೆ. ಅವಸರದವರು ಅದನ್ನು ಉಫ್ ಅಂತ ಊದಿಬಿಡುತ್ತಾರೆ. ಊದಬಾರದು. ಶಾಂತಾ ಊದಲಿಲ್ಲ. ತುದಿಯನ್ನು ಮೆಲ್ಲಗೆ ಪಾತ್ರೆಯ ಗಾಜಿಗೆ ತಾಕಿಸಿ, ಹನಿಯನ್ನು ಅದರ ಪಾಡಿಗೆ ಬಿಟ್ಟು ಎತ್ತಿದಳು. ಒಲೆಯ ಮೇಲೆ ಹಾಲಿಟ್ಟವರ ನಿಗಾ ಅದು.

ಆಮೇಲೆ ವೈವಾ. ನಮ್ಮ ಪ್ರೊಫೆಸರರದೊಂದು ಪದ್ಧತಿ. ತಪ್ಪನ್ನೇ ಸರಿ ಎಂಬಂತೆ ಹೇಳಿ, ಹುಡುಗರು ಹಿಡಿಯುತ್ತಾರೋ ಇಲ್ಲವೋ ನೋಡುವುದು.

"ಪಿಪೆಟ್ಟಿನ ಕಡೀ ಹನಿ ಊದಿ ಹಾಕಬೇಕು. ಹೌದಲ್ಲ ತಂಗಿ?"

"ಹೌದ್ರಿ ಸರ್."

ಇನ್ನೂ ಎರಡು ಕೇಳಿದರು, ಅಂಥವೇ. ಎರಡಕ್ಕೂ "ಹೌದ್ರಿ ಸರ್."

ಪ್ರೊಫೆಸರರು ನನ್ನ ಕಡೆ ವಾಲಿದರು. "ಕೈ ಛಲೋ ಅದ. ತಲ್ಯಾಗ ಏನಿಲ್ಲ ನೋಡ್ರಿ," ಎಂದು ಪೆನ್ನಿನ ಟೋಪಿ ತೆಗೆದರು. ಆ ಪೆನ್ನು ಕಾಗದಕ್ಕಿಳಿದರೆ ಶಾಂತಾ ಫೇಲು.

ತಲೆಯಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅ ಆ ಇ ಈ ಕಲಿಸುವುದಕ್ಕಿಂತ ಮೊದಲು ಹಿರಿಯರಿಗೆ ಎದುರಾಡಬ್ಯಾಡ ಅಂತ ಕಲಿಸಿರುತ್ತಾರೆ. ನಾನೂ ಅದನ್ನು ಕಲಿತವಳೇ. ಆದರೆ ಉತ್ತರದ ಸುಳಿವು ಕೊಡುವ ಹಕ್ಕು ನನಗಿಲ್ಲ. ಏನು ಮಾಡಲಿ?

"ಸರ್, ನಿಮ್ಮ ಮೊದಲನೇ ಪ್ರಶ್ನೆ ಇನ್ನೊಬ್ಬರ ಬಾಯಿಂದ ಕೇಳಸ್ಲೇನ್ರಿ?"

"ಕೇಳಸ್ರಿ. ಉತ್ತರ ಮಾತ್ರ ಅಕೀನ ಹೇಳಬೇಕು."

ಮುಂದಿನ ಪಾಳಿ ರೇಣುಕಾಳದು. ಲಕ್ಷ್ಮೇಶ್ವರದವಳು, ಶಾಂತಾಳ ಜೀವದ ಗೆಳತಿ. ಬಾಗಿಲಾಚೆ ನಿಂತಿದ್ದವಳನ್ನು ಒಳಗೆ ಕರೆದು, ಪ್ರೊಫೆಸರರು ಹೇಳಿದ್ದನ್ನೇ ಅವಳ ಕಿವಿಯಲ್ಲಿ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಬಂದು ನಿಂತಳು.

"ಶಾಂತಾ, ಪಿಪೆಟ್ಟಿನ ಕಡೀ ಹನಿ ಊದಿ ಹಾಕ್ಬೇಕಲ್ಲಲೇ?"

"ಯಾವ ಹುಚ್ಚ ಹೇಳಿದ್ನಲೇ ನಿನಗ? ಊದಿದ್ರ ಅಳತಿ ಕೆಡ್ತೈತಿ. ಆ ಹನಿ ಒಳಗ ಉಳೀತೈತಿ ಅಂತ ತಿಳಕೊಂಡ ಗೆರಿ ಹಾಕಿರ್ತಾರ. ಇಷ್ಟ ದಿನ ಲ್ಯಾಬಿನ್ಯಾಗ ನಿದ್ದಿ ಮಾಡಿದೇನ?"

ಹೇಳಿ ಮುಗಿಸಿದ ಮೇಲೆ ಶಾಂತಾಳಿಗೆ ಹೊಳೆಯಿತು, ಯಾವ ಹುಚ್ಚ ಅಂತ. ನಾಲಗೆ ಕಚ್ಚಿಕೊಂಡು ನೆಲ ನೋಡುತ್ತ ನಿಂತಳು.

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು. ಭುಜ ಕುಲುಕುತ್ತಿತ್ತು, ನಗುವಿಗೆ.

"ಮತ್ತ ನನಗ್ಯಾಕ ಹೌದ್ರಿ ಅಂದಿ, ತಂಗಿ?"

"ನಿಮಗ ತಪ್ಪ ಅನ್ನೂದು ಹೆಂಗ್ರಿ ಸರ್? ಅಷ್ಟ ದೂರದಿಂದ ಬಂದೀರಿ."

ನಗು ನಿಂತಿತು. ಅವರು ಕನ್ನಡಕ ಹಾಕಿಕೊಂಡು, ಉಳಿದೆರಡು ಪ್ರಶ್ನೆಗಳನ್ನು ಮತ್ತೆ ಕೇಳಿದರು. ಈ ಸಲ ನೆಟ್ಟಗೆ. ಅವಳೂ ನೆಟ್ಟಗೆ ಉತ್ತರ ಕೊಟ್ಟಳು. (ಮಾರ್ಕ್ಸ್ ಎಷ್ಟು ಅಂತ ನಾನು ಹೇಳುವಂತಿಲ್ಲ. ಅವರು ಕೈ ಬಿಗಿ ಹಿಡಿಯಲಿಲ್ಲ, ಅಷ್ಟೇ.)

ಕಲಿತದ್ದನ್ನು ಅಳೆಯುತ್ತೇವೆ ಅಂದುಕೊಂಡು ನಾವು ಅಳೆಯುವುದಾದರೂ ಏನನ್ನು? ಪಾಠ ಮುಗಿಸಿ "ತಿಳೀತಾ?" ಅನ್ನುತ್ತೇನೆ. "ತಿಳೀತ್ರೀ" ಎಂದು ಇಡೀ ಕ್ಲಾಸು ರಾಗ ಎಳೆಯುತ್ತದೆ. ಅದು ಪಾಠ ತಲೆಗೆ ಹೋದ ಗುರುತೋ, ಪಾಪ, ಇಷ್ಟು ಹೊತ್ತು ನಿಂತು ಹೇಳಿದ್ದಾರೆ ಎಂಬ ಮರ್ಯಾದೆಯೋ?

ಸಂಜೆ ಗೇಟಿನ ಹತ್ತಿರ ಶಾಂತಾ ಸಿಕ್ಕಳು.

"ಇನ್ನ ಎಂ.ಎಸ್ಸಿ. ಹೌದಿಲ್ಲೋ?" ಅಂದೆ.

"ಪರೀಕ್ಷಾ ಮುಗದ ಮ್ಯಾಲ ಸೂಟಿಗೆ ಊರಿಗೆ ಹೋದಕೂಡ್ಲೆ ದೊಡ್ಡಪ್ಪಾರು ಕೇಳ್ತಾರ್ರಿ ಮೇಡಂ. ಓದಿದ್ದು ಸಾಕಲ್ಲವಾ ಅಂತ."

"ಆವಾಗ ನೀ ಏನಂತಿ?"

ಅವಳು ಬರ್ತೇನ್ರಿ ಎಂದು ತಲೆ ಬಾಗಿಸಿ, ಬೆಟಗೇರಿ ಕಡೆ ನಡೆದಳು.

ಹಮ್ಮಿಗಿಯಲ್ಲಿ ಆ ದೊಡ್ಡಪ್ಪನ ಪಡಸಾಲೆಗೆ ನಾನು ಯಾವ ರೇಣುಕಾಳನ್ನು ಕಳಿಸಲಿ?