ತಿಮ್ಮಪ್ಪನ ಹಿಂದಿದ್ದ ಅಮಲ್ದಾರರು

ನಮ್ಮ ಯಜಮಾನರ ತಾತ ಮಹಾರಾಜರ ಕಾಲದಲ್ಲಿ ಮಳವಳ್ಳಿಯಲ್ಲಿ ಅಮಲ್ದಾರರಾಗಿದ್ದವರು. ಅವತ್ತವತ್ತು ನಡೆದದ್ದನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದರಂತೆ. ಅವರ ಫೋಟೋ ಇದ್ದದ್ದು ಎರಡೇ. ಮಳವಳ್ಳಿ ನೆಂಟರ ಮನೆಯದು ಸೂರು ಸೋರಿ ಹಾಳಾಯಿತು. ಇನ್ನೊಂದು ಮದ್ದೂರಿನ ಹತ್ತಿರ ಕೊಪ್ಪದ ನಮ್ಮ ನಡುಮನೆಯಲ್ಲಿತ್ತು. ಪೇಟ, ಕರಿ ಕೋಟು, ಕೈಯಲ್ಲಿ ಪೆನ್ನು.

ನಾನು ಓದಿದ್ದು ಮೂರನೇ ಕ್ಲಾಸು. ಅತ್ತೆ ಆ ಗಾಜನ್ನು ದಿನಾ ನನ್ನ ಕೈಲೇ ಒರೆಸಿಸುತ್ತಿದ್ದಳು.

"ಸರ್ಯಾಗ್ ಒರ್ಸಮ್ಮಿ. ಎಂಥ ದಡ್ಡೀನ ತಂದವ್ರೆ ನನ್ ಮನ್ಗೆ ಅಂತ ಅಮಲ್ದಾರ್ರು ನೋಡ್ತಾವ್ರೆ."

ಹೌದು ಅನ್ನುವ ಹಾಗೇ ಅವರೂ ನೋಡುತ್ತಿದ್ದರು.

ಅತ್ತೆ ಸತ್ತು ತಿಥಿ ಮುಗಿದ ಮೇಲೆ ಆ ಫೋಟೋದ ಕಟ್ಟು ಇಳಿಸಿದೆ. ಕ್ಯಾಲೆಂಡರಿನ ತಿಮ್ಮಪ್ಪನನ್ನು ಅಳತೆಗೆ ಕತ್ತರಿಸಿ, ಅನ್ನದ ಗಂಜಿ ಬಳಿದು ಅಮಲ್ದಾರರ ಮುಖದ ಮೇಲೇ ಅಂಟಿಸಿ, ಗಾಜು ಕೂರಿಸಿ ದೇವರ ಮೂಲೆಗೆ ನೇತುಹಾಕಿದೆ. ಯಜಮಾನರು ಕೇಳಿದರು, "ತಾತನ್ ಪಟ ಎಲ್ಲಮ್ಮಿ?"

"ಗೆದ್ಲಿಡೀತು."

ಅವರು ಸಾಯುವವರೆಗೂ ಅದನ್ನೇ ನಂಬಿದ್ದರು. ನಾನು ಅದೇ ಪಟಕ್ಕೆ ದಿನಾ ಕೈ ಮುಗಿಯುತ್ತಿದ್ದೆ.

ಹೋದ ವರ್ಷ ಮೈಸೂರಿನಿಂದ ಕಾಲೇಜಿನ ಮೇಡಮ್ ಒಬ್ಬರು ಬಂದರು. ಆ ದಿನಚರಿ ಅವರ ಕೈಗೆ ಸಿಕ್ಕಿತ್ತು, ಪುಸ್ತಕ ಮಾಡುತ್ತಿದ್ದರು. ಮೊದಲ ಪುಟಕ್ಕೆ ಅಮಲ್ದಾರರದೊಂದು ಫೋಟೋ ಬೇಕು ಅಂದರು. ನಾನು ತಿಮ್ಮಪ್ಪನ ಕೆಳಗೇ ಕೂತಿದ್ದೆ.

"ಇತ್ತು ಕಣವ್ವ. ಗೆದ್ಲು ತಿಂದೋಯ್ತು."

ಪಾಪ, ಆಕೆ ಬೇಜಾರು ಮಾಡಿಕೊಳ್ಳದೆ ದಿನಚರಿಯ ಒಂದು ಪುಟ ಓದಿ ಹೇಳಿದರು. ಮದ್ದೂರಿನ ಕಡೆಯ ಒಬ್ಬಳು ಮುದುಕಿ ಅರ್ಜಿ ತಂದಳಂತೆ. ಅಮಲ್ದಾರರು ಸುಳ್ಳಿ ಅಂತ ಬೈದು ಅಟ್ಟಿದರಂತೆ. ಸಂಜೆ ಕಾಗದ ನೋಡಿದರೆ ಅವಳು ಹೇಳಿದ್ದೇ ನಿಜ. "ಕರೆಸಿ ತಪ್ಪಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ" ಅಂತ ಅಮಲ್ದಾರರೇ ಬರೆದಿದ್ದರು.

ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದವಳು, ಆಕೆ ಬಸ್ಸಿಗೆ ಹೊರಡುವವರೆಗೂ ಅಡಿಗೆ ಮನೆಯಲ್ಲೇ ನಿಂತಿದ್ದೆ.

ಆಮೇಲೆ ಪಟ ಇಳಿಸಿ ಮೊಳೆ ಕಿತ್ತೆ. ಒದ್ದೆ ಬಟ್ಟೆ ಇಟ್ಟು ಮೆಲ್ಲಗೆ ಬಿಡಿಸಿದೆ. ಪೇಟ ಉಳಿಯಿತು, ಕೋಟು ಉಳಿಯಿತು, ಪೆನ್ನು ಹಿಡಿದ ಕೈ ಉಳಿಯಿತು. ಮುಖ ಮಾತ್ರ ತಿಮ್ಮಪ್ಪನ ಬೆನ್ನಿಗೆ ಅಂಟಿಕೊಂಡು ಚೂರುಚೂರಾಗಿ ಬಂತು.

ಮೇಡಮ್ಮಿಗೆ ಫೋನ್ ಮಾಡಿದೆ. ಮಾರನೇ ದಿನವೇ ಬಂದರು.

"ಮುಖ ಏನಾಯ್ತು ಅಜ್ಜಿ?"

ಮತ್ತೆ ಗೆದ್ದಲು ನಾಲಿಗೆ ತುದಿಗೆ ಬಂತು.

"ನಾನೇ ಕಣವ್ವ ಮಾಡಿದ್ದು. ದಡ್ಡಿ ಅನ್ನಿಸ್ಕೊಂಡ್ ಸಿಟ್ಗೆ. ಅಂಗೇ ಬರ್ದಾಕು ಪುಸ್ತಕ್ದಲ್ಲಿ."

"ಅದೆಲ್ಲ ಯಾಕೆ ಬಿಡಿ ಅಜ್ಜಿ" ಅಂದರು.

ಪುಸ್ತಕ ಬಂದಿದೆ. ಚಿತ್ರದ ಕೆಳಗೆ, ಹಳೆಯದಾದ್ದರಿಂದ ಮುಖ ಮಾಸಿದೆ ಅಂತ ಹಾಕಿದ್ದಾರೆ. ಮಾಸಿಲ್ಲ. ನಾನು ಗಂಜಿ ಬಳಿದದ್ದು.