ದೊಡ್ಡಮಲ್ಲಮ್ಮನ ಕೈಗುಣ

ಭೀಮನಬೀಡಿನ ದೊಡ್ಡಮಲ್ಲಮ್ಮನ ಕೈಗುಣ ಸುತ್ತಲ ಹತ್ತೂರಿಗೆ ಹೆಸರಾಗಿತ್ತು. ಮಗು ರಚ್ಚೆ ಹಿಡಿದರೆ, ಬೆಚ್ಚಿಬಿದ್ದರೆ, ಬೇಗೂರಿನಿಂದಲೂ ಬಸ್ಸಿನಲ್ಲಿ ಹೊತ್ತು ತರುತ್ತಿದ್ದರು. ಅವಳು ಅರಿಶಿನದ ಕೊಂಬಿನ ತುದಿಯನ್ನು ಕೆಂಡವಾಗುವ ತನಕ ಸುಟ್ಟು, ಒಂದು, ಎರಡು, ಮೂರು ಎಂದು ಎಣಿಸುತ್ತ ಹೊಕ್ಕುಳ ಸುತ್ತ ಬರೆ ಎಳೆಯುವಳು. ಮಗು ಕಿರುಚಿ ಕಿರುಚಿ ಸೋತು ಮಲಗಿದರೆ ರೋಗ ಇಳಿಯಿತು ಎನ್ನುವಳು. ಎಲೆಯಡಿಕೆ ಬಿಟ್ಟು ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ದುರಾಸೆಯವಳಾಗಿದ್ದರೆ ಹೇಗಾದರೂ ತಡೆಯಬಹುದಿತ್ತು, ಇವಳು ನಂಬಿದ್ದಳು.

ನಂಬಿಕೆಗೆ ಸಾಕ್ಷಿ ಮನೆಯಲ್ಲೇ ಇತ್ತು. ಮಗ ಮಾದೇಶ ಐದು ವರ್ಷದವನಿದ್ದಾಗ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ, ಮುಟ್ಟಿದರೆ ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ತಾಯಿಯೇ ಮೂರು ಸಲ ಬರೆ ಹಾಕಿದಳು. ಹುಡುಗ ಮೆತ್ತಗಾದ. ಈಗ ನಲವತ್ತು ದಾಟಿದ್ದಾನೆ, ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ತಾಯಿಯ ಹತ್ತಿರ 'ಹೂಂ', 'ಊಹೂಂ' ಬಿಟ್ಟು ಮೂರನೆಯ ಮಾತಿಲ್ಲ. ಅದನ್ನು ಅವಳು ವಿಧೇಯತೆ ಎಂದುಕೊಂಡಿದ್ದಳು.

ಅವನ ಮಗಳು ಶಿವರಂಜಿನಿಗೆ ಆರು ವರ್ಷ. ಹುಣಸೆ ಬೀಜಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಡುವಳು. ಒಂದು ಅಲುಗಿದರೂ ಮನೆ ಹಾರಿಹೋಗುವಂತೆ ಅರಚುವಳು. ಆದರೆ ಎರಡು ನಿಮಿಷ ಕೂರಲಾರದೆ ತಾನೇ ಎದ್ದು ಓಡಿ, ತನ್ನ ಕಾಲಿನಿಂದಲೇ ಸಾಲನ್ನು ಚೆಲ್ಲಿ, ಆಮೇಲೆ ತನ್ನ ಕೈಯನ್ನು ರಕ್ತ ಬರುವಂತೆ ಕಚ್ಚಿಕೊಳ್ಳುವಳು. ಅವಳೊಳಗೆ ಜೋಡಿಸುವವಳೂ ಕೆಡಿಸುವವಳೂ ಒಟ್ಟಿಗೇ ಇದ್ದರು, ಪಾಪ.

ಸೊಸೆ ನಾಗಲಕ್ಷ್ಮಿ ಮಗುವನ್ನು ಮೊದಲು ಗುಂಡ್ಲುಪೇಟೆಯಲ್ಲಿ ತೋರಿಸಿದಳು. ಅಲ್ಲಿನ ಡಾಕ್ಟರು ಎಡಿಎಚ್‌ಡಿ, ಮನಸ್ಸೂ ಮೈಯೂ ಒಂದೆಡೆ ನಿಲ್ಲದ ತೊಂದರೆ ಎಂದರು. ಚಾಮರಾಜನಗರದ ಡಾಕ್ಟರು ಆಟಿಸಂ ಕೂಡ ಇದೆ, ಎರಡೂ ಒಂದೇ ಮಗುವಿನಲ್ಲಿ ಇರಬಹುದು, ಕೆಲವು ಮನೆಗಳಲ್ಲಿ ವಂಶದಲ್ಲೇ ಬರುತ್ತದೆ ಎಂದು ತಿಳಿಸಿ ಹೇಳಿದರು. ನಾಗಲಕ್ಷ್ಮಿ ಎರಡು ಚೀಟಿಗಳನ್ನೂ ಅತ್ತೆಯ ಮುಂದಿಟ್ಟು ವಿವರಿಸಿದಳು. ಅತ್ತೆಗೆ ಕೇಳಿಸಿದ್ದು ಎರಡು ಹೆಸರು ಮಾತ್ರ.

"ಒಂದ್ ಕಾಯ್ಲೆಗೆ ಇಬ್ರು ಎರಡೆಸ್ರು ಯೋಳವ್ರೆ ಅಂದ್ರೆ ಇಬ್ರುಗೂ ಗೊತ್ತಿಲ್ಲ ಕಣಮ್ಮಿ," ಎಂದು ದೊಡ್ಡಮಲ್ಲಮ್ಮ ಒಲೆ ಹಚ್ಚಿದಳು.

ಅದು ಭಾನುವಾರ ಬೆಳಿಗ್ಗೆ. ಮಗುವಿನ ಕಾಲು ಹಿಡಿದುಕೋ ಎಂದರೆ ಸೊಸೆ ಒಲ್ಲೆ ಎಂದಳು. ಅಡ್ಡ ಬಂದವಳ ಮುಖಕ್ಕೆ ದೊಡ್ಡಮಲ್ಲಮ್ಮ ಕಬ್ಬಿಣದ ಊದುಗೊಳವೆಯಿಂದ ಬಾರಿಸಿದಳು. ತುಟಿ ಸೀಳಿ ನಾಗಲಕ್ಷ್ಮಿ ಗೋಡೆಗೊರಗಿ ಕುಸಿದಳು. ಮುದುಕಿ ಮಗುವನ್ನು ಕೆಡವಿ, ಮೊಣಕಾಲನ್ನು ಅದರ ತೊಡೆಯ ಮೇಲೆ ಊರಿ, ಲಂಗ ಜಾರಿಸಿದಳು. ಮಗು ಅವಳ ಕೈಯನ್ನು ಕಚ್ಚಿತು. ಅವಳು ಕೆನ್ನೆಗೆ ಎರಡು ಬಿಟ್ಟು, ಕೆಂಡವಾಗಿದ್ದ ಕೊಂಬನ್ನು ಎತ್ತಿದಳು.

ಮಾದೇಶ ನೈಟ್ ಶಿಫ್ಟ್ ಮುಗಿಸಿ ಬಂದದ್ದು ಆಗಲೇ. ಬಾಗಿಲಲ್ಲಿ ಊಟದ ಡಬ್ಬಿ ಬಿತ್ತು. ಅವನು ತಾಯಿಯ ಮಣಿಕಟ್ಟು ಹಿಡಿದು ತಿರುಚಿದ, ಮೂಳೆ ಲಟಕ್ಕೆಂದಿತು. ಕೊಂಬನ್ನು ಕಿತ್ತುಕೊಂಡು ಅವಳ ತೋಳಿಗೇ ಒತ್ತಿದ. "ಒಂದು" ಎಂದ. ಚರ್ಮ ಚುಯ್ ಎಂದಿತು. ಅವಳು ಬೇಡ ಕಣಪ್ಪ ಎಂದು ಒರಲಿದಳು. "ಎರಡು" ಎಂದ. ನಾಗಲಕ್ಷ್ಮಿ ಬಂದು ಕೈ ಹಿಡಿದರೂ ಬಿಡಲಿಲ್ಲ. "ಮೂರು."

ಆಮೇಲೆ ಕೊಂಬು ಎಸೆದು, ನೆಲದಲ್ಲಿ ಕೂತು ಹೇಳಿದ: "ನಂಗೆ ವಾಸಿ ಆಗ್ನಿಲ್ಲ ಕಣವ್ವ. ನಿಂಗೆ ಎದ್ರಿ ಸುಮ್ನಾಗ್ಬುಟ್ಟೆ. ಈಗ್ಲೂ ಎದ್ರಿಕೆನೆ."

ಮಗ ತನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಸುಟ್ಟ ತೋಳಿಗಿಂತ ಅದೇ ಅವಳನ್ನು ಹೆಚ್ಚು ಸುಟ್ಟಿತು. ಅವನು ಮಾಡಿದ್ದು ಸರಿ ಎಂದು ನಾನು ಹೇಳಲಾರೆ. ಅದೇ ವಾರ ಹೆಂಡತಿ, ಮಗಳೊಂದಿಗೆ ಚಾಮರಾಜನಗರದಲ್ಲಿ ಬಾಡಿಗೆ ಮನೆ ಹಿಡಿದ.

ಈಗಲೂ ಜನ ಮಕ್ಕಳನ್ನು ಹೊತ್ತು ಬರುತ್ತಾರೆ. ಮೊನ್ನೆ ಒಬ್ಬಳು ತಾಯಿ, ಬರೆ ಹಾಕಿದರೆ ವಾಸಿಯಾಗುತ್ತದೆಯೇ ಎಂದು ಕೇಳಿದಳು. ದೊಡ್ಡಮಲ್ಲಮ್ಮ ಸೊಟ್ಟಗೆ ಕೂಡಿಕೊಂಡ ಕೈಯಿಂದ ಮಗುವಿನ ತಲೆ ಸವರಲು ಹೋಗಿ, ಹಿಂದಕ್ಕೆಳೆದುಕೊಂಡಳು.

"ವಾಸಿ ಆಗಕಿಲ್ಲ ಕಣವ್ವ," ಎಂದಳು. "ಸುಮ್ಕಾಯ್ತದೆ ಅಷ್ಟೆ. ಕರ್ಕಂಡೋಗು."