ಭದ್ರಾವತಿಯವರೆಗೆ ಮೂರು ಮಾತ್ರೆ

ಮದುವೆಯ ಕರೆಯೋಲೆ ಕೈಗೆ ಬಂದರೆ ನಾವು ಅದನ್ನು ಕೊನೆಯ ಅಕ್ಷರದವರೆಗೂ ಓದುತ್ತೇವೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ನಮ್ಮ ಹೆಸರು ಬಿಟ್ಟುಹೋಗಿದ್ದರೆ ಮುನಿಸಿಕೊಳ್ಳಲು ಅನುಕೂಲವಾಗಲಿ ಎಂಬುದೇ ಅದರ ಉದ್ದೇಶ. ಔಷಧದ ಸೀಸೆಗೆ ಅಂಟಿಸಿದ ಲೇಬಲನ್ನು ಮಾತ್ರ ಅಷ್ಟು ಶ್ರದ್ಧೆಯಿಂದ ಓದಿದವರನ್ನು ನಾನು ಕಂಡಿಲ್ಲ. ನೀವು ಓದುವವರಾದರೆ ನಿಮಗೆ ನನ್ನ ನಮಸ್ಕಾರ. ನಾನಂತೂ, ಶಿವಮೊಗ್ಗದ ಶಾಲೆಯೊಂದರಲ್ಲಿ ‘ಪ್ರಶ್ನೆಯನ್ನು ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ’ ಎಂದು ಪ್ರತಿನಿತ್ಯ ಉಪದೇಶ ಮಾಡುವ ಮೇಷ್ಟರಾಗಿದ್ದೂ, ಔಷಧದ ಹೆಸರನ್ನಷ್ಟೇ ಓದಿ ಸಂತುಷ್ಟನಾಗಿದ್ದವನು.

ನನಗೆ ಉಬ್ಬಸವಿದೆ. ಅದು ಮನೆಯಲ್ಲೇ ಠಿಕಾಣಿ ಹೂಡಿದ ವ್ಯಾಧಿಯಲ್ಲ; ವರ್ಷಕ್ಕೆ ನಾಲ್ಕೈದು ಸಲ ಬಂದು, ಎದೆಯೊಳಗೆ ಕುಳಿತು ಸ್ವಲ್ಪ ಹೊತ್ತು ಹಾರ್ಮೋನಿಯಂ ನುಡಿಸಿ, ಹೊರಟುಹೋಗುವಂಥದು. ಪೇಟೆಯ ಔಷಧದ ಅಂಗಡಿಯಲ್ಲಿ ಡಾಕ್ಟರ ಚೀಟಿ ಕೇಳದೆ ಕೊಡುತ್ತಿದ್ದ ಪುಟ್ಟ ಬಿಳಿ ಮಾತ್ರೆಯೊಂದನ್ನು ನುಂಗಿದರೆ ಮುಕ್ಕಾಲು ಗಂಟೆಯೊಳಗೆ ಉಸಿರು ಸಲೀಸಾಗುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಬಟ್ಟೆ ವ್ಯಾಪಾರಿಯೊಬ್ಬರ ಮಗಳು ಗಿರಿಜೆಯನ್ನು ನೋಡಿಬರಲು ನಾನು ನನ್ನ ಸೋದರಮಾವನೊಂದಿಗೆ ಹೊರಟಿದ್ದೆ. ಅದಕ್ಕೆ ಮೊದಲು ಎರಡು ಸಂಬಂಧಗಳು, ನನ್ನ ಉಬ್ಬಸದ ಸುದ್ದಿ ಕಿವಿಗೆ ಬಿದ್ದ ಮರುವಾರವೇ ಮುರಿದುಬಿದ್ದಿದ್ದವು. ಅವಕ್ಕಾಗಿ ನಾನು ವಿಶೇಷವಾಗಿ ದುಃಖಪಟ್ಟಿರಲಿಲ್ಲ. ಗಿರಿಜೆಯನ್ನಾದರೋ ನೆಂಟರ ಮದುವೆಯೊಂದರಲ್ಲಿ ದೂರದಿಂದ ನೋಡಿದ್ದೆ. ಪಂಕ್ತಿಯಲ್ಲಿ ಬಡಿಸುತ್ತ ಏನೋ ನೆನೆದು ತನ್ನಷ್ಟಕ್ಕೆ ನಕ್ಕಿದ್ದಳು. ಈ ಸಂಬಂಧವೂ ತಪ್ಪಿದರೆ ಎಂಬ ಯೋಚನೆಯನ್ನೇ ನನ್ನಿಂದ ಸಹಿಸಲಾಗುತ್ತಿರಲಿಲ್ಲ.

“ಅಲ್ಲಿ ಹೋಗಿ ಉಬ್ಬಸ ಗಿಬ್ಬಸ ಅಂತ ಬಾಯಿ ಬಿಡಬೇಡ ಮಾರಾಯ. ತಾಳಿ ಕಟ್ಟಿದ ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು” ಎಂದು ಮಾವ ಅಪ್ಪಣೆ ಕೊಡಿಸಿದ್ದರು.

ಬಾಯಿ ಬಿಡದಿರುವುದು ಸುಲಭ. ಉಸಿರು ಬಿಡದಿರುವುದು ಹೇಗೆ? ಆದ್ದರಿಂದ ಬೆಳಗ್ಗೆ ಮನೆ ಬಿಡುವಾಗಲೇ, ಎದೆ ನಿಶ್ಶಬ್ದವಾಗಿದ್ದರೂ, ಮುನ್ನೆಚ್ಚರಿಕೆಗೆಂದು ಒಂದು ಮಾತ್ರೆ ನುಂಗಿದೆ. ರೈಲಿನಲ್ಲಿ ಇಂಜಿನ್ನಿನ ಹೊಗೆ ಕಿಟಕಿಯೊಳಗೆ ನುಗ್ಗಿದಾಗ ಎರಡನೆಯದನ್ನು. ಭದ್ರಾವತಿಯಲ್ಲಿ ಇಳಿದು ಜಟಕಾ ಏರಿದವನು ಕಾರ್ಖಾನೆಯ ಚಿಮಣಿಗಳು ಆಕಾಶಕ್ಕೆ ಧಾರಾಳವಾಗಿ ಹೊಗೆಯೂಡುತ್ತಿದ್ದುದನ್ನು ಕಂಡು, ಅದು ನನ್ನ ಬಳಿಗೆ ಬರುವ ಮೊದಲೇ ಮೂರನೆಯದನ್ನೂ ಬಾಯಿಗೆ ಹಾಕಿಕೊಂಡೆ. ಮೊದಲನೆಯದರಿಂದ ಮೂರನೆಯದರವರೆಗೆ ಎರಡು ಗಂಟೆಯೂ ಆಗಿರಲಿಲ್ಲ.

ಗಿರಿಜೆಯ ಮನೆಯಲ್ಲಿ ಉಪ್ಪಿಟ್ಟು ಬಂತು, ಕಾಫಿ ಬಂತು, ಉಪಚಾರದ ಒತ್ತಾಯಕ್ಕೆ ಇನ್ನೊಂದು ಕಾಫಿಯೂ ಬಂತು. ಅಷ್ಟರಲ್ಲಿ ನನ್ನ ಎದೆ ಡವಡವ ಹೊಡೆದುಕೊಳ್ಳಲಾರಂಭಿಸಿತು. ಹೆಣ್ಣು ನೋಡಲು ಬಂದವನ ಎದೆ ಹೊಡೆದುಕೊಳ್ಳುವುದು ಶಾಸ್ತ್ರಸಮ್ಮತವೆಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಕೈಗಳೂ ನಡುಗತೊಡಗಿದವು. ಕಪ್ಪು ಬಸಿಗೆ ತಾಗಿ ಕಟಕಟನೆ ಸದ್ದು ಮಾಡತೊಡಗಿತು. ಕೆಳಗಿಡಲು ಹೋದರೆ ಸದ್ದು ಹೆಚ್ಚಾಯಿತು. ಎತ್ತಿಕೊಂಡರೆ ಕಾಫಿ ಪಂಚೆಯ ಮೇಲೆ ತುಳುಕಿತು. ಹುಡುಗಿಯ ತಂದೆ ನನ್ನ ಕೈಯನ್ನು ಒಂದಷ್ಟು ಹೊತ್ತು ದಿಟ್ಟಿಸಿ, ಮಾವನ ಕಡೆ ಬಾಗಿದರು.

“ಹುಡುಗನಿಗೆ ಬೇರೆ ಏನಾದ್ರೂ ಅಭ್ಯಾಸ ಇದೆಯಾ ಸ್ವಾಮಿ?”

ಮಾವನ ಮುಖ ಬಿಳಿಚಿಕೊಂಡಿತು. ಗೌರವಾನ್ವಿತವಾದ ಒಂದು ರೋಗವನ್ನು ಮುಚ್ಚಿಡಲು ಹೋಗಿ ನಾನು ಹೆಂಡ ಕುಡಿಯುವವನ ಪಟ್ಟಕ್ಕೆ ಬಂದು ನಿಂತಿದ್ದೆ. “ಛೇ, ಛೇ, ಕಾಫೀನೇ ಅಪರೂಪ” ಎಂದರು ಮಾವ, ನಾನು ಎರಡನೆಯ ಕಪ್ಪನ್ನು ಹಿಡಿದು ನಡುಗುತ್ತಿರುವಾಗ.

ಹೆಣ್ಣು ನೋಡುವ ಸಂದರ್ಭದಲ್ಲಿ ಪ್ರಶ್ನೆ ಕೇಳುವುದು ಗಂಡಿನ ಕಡೆಯವರ ಹಕ್ಕು. ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ, ಎಷ್ಟರವರೆಗೆ ಓದಿದ್ದೀಯೆ. ಹುಡುಗಿ ನೆಲ ನೋಡುತ್ತ ಉತ್ತರಿಸಬೇಕು. ಚಾಪೆಯ ಅಂಚಿನಲ್ಲಿ ಕುಳಿತಿದ್ದ ಗಿರಿಜೆ ಅಂದು ತಲೆಯೆತ್ತಿ ನನ್ನ ಕೈಯನ್ನು ನೋಡಿ, ಆಮೇಲೆ ನನ್ನನ್ನೇ ಕೇಳಿದಳು:

“ಎಷ್ಟು ಮಾತ್ರೆ ತಗೊಂಡ್ರಿ?”

ಮಾವ ನನ್ನ ಕಾಲು ತುಳಿದರು. ಸುಳ್ಳು ಹೇಳಿದರೆ ಕುಡುಕ, ನಿಜ ಹೇಳಿದರೆ ರೋಗಿ. ಆದರೆ ಆ ಪ್ರಶ್ನೆಯಲ್ಲಿ ಆಕ್ಷೇಪಣೆಯಿರಲಿಲ್ಲ, ಕಾಳಜಿಯಿತ್ತು. ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಮೂರು. ಉಬ್ಬಸಕ್ಕೆ” ಎಂದೆ.

“ಅದಕ್ಕೇ ನಡುಕ. ಅಪ್ಪನೂ ಹೋದ ವರ್ಷ ಉಬ್ಬಸಕ್ಕೆ ಇಂಥವೇ ಎರಡು ನುಂಗಿ ಹೀಗೇ ಕೂತಿದ್ರು” ಎಂದು ಎದ್ದು, ನನ್ನ ಕೈಯಿಂದ ಕಾಫಿಯನ್ನು ತೆಗೆದುಕೊಂಡು, ನೀರು ತಂದುಕೊಟ್ಟಳು.

ಮಗಳ ಮದುವೆಗೆ ಅಡ್ಡಿಯಾದೀತೆಂದು ತಮ್ಮ ಉಬ್ಬಸವನ್ನು ಬೆಳಗ್ಗೆಯಿಂದ ಬಿಗಿಹಿಡಿದು ಕುಳಿತಿದ್ದ ಆ ಹಿರಿಯರು ಮಾವನನ್ನು ನೋಡಿದರು, ಮಾವ ಅವರನ್ನು ನೋಡಿದರು. ಮೊದಲು ನಕ್ಕವರು ಗಿರಿಜೆಯ ತಂದೆಯೇ. ನಗು ಕೆಮ್ಮಾಗಿ, ಕೆಮ್ಮು ನನಗೆ ಚಿರಪರಿಚಿತವಾದ ಹಾರ್ಮೋನಿಯಂ ಆಯಿತು. ನನಗೆ ಆ ನಾದದಷ್ಟು ಇಂಪಾದದ್ದನ್ನು ಅದುವರೆಗೆ ಕೇಳಿದ ನೆನಪಿರಲಿಲ್ಲ.

ಉಸಿರು ಹತೋಟಿಗೆ ಬಂದಮೇಲೆ ಅವರು ಎದೆನೋವಿದೆಯೇ, ತಲೆ ಸುತ್ತುತ್ತದೆಯೇ ಎಂದು ನನ್ನನ್ನು ವಿಚಾರಿಸಿ, ಇಲ್ಲವೆಂದರೂ ಕೇಳದೆ, ಡಾಕ್ಟರಿಗೆ ತೋರಿಸಿಕೊಂಡೇ ರೈಲು ಹತ್ತಬೇಕೆಂದು ಕಟ್ಟುಮಾಡಿದರು. ನನ್ನ ಜೇಬಿನ ಸೀಸೆಯನ್ನು ಈಸಿಕೊಂಡು, ಕನ್ನಡಕ ಏರಿಸಿ, ಲೇಬಲನ್ನು ಓದಿ ಹೇಳಿದರು: ಉಬ್ಬಸ ಬಂದಾಗ ಒಂದು, ಇನ್ನೊಂದು ಬೇಕಾದರೆ ನಾಲ್ಕು ಗಂಟೆ ಕಳೆದ ಮೇಲೆ, ಹೃದಯದ ತೊಂದರೆಯಿದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. “ಒಂದಕ್ಕೆ ಜಗ್ಗದಿದ್ರೆ, ಇಲ್ಲಾ ಪದೇ ಪದೇ ಬರೋಕೆ ಶುರುವಾದ್ರೆ, ಡಾಕ್ಟರ ಹತ್ರ ಹೋಗಬೇಕು ಮೇಷ್ಟ್ರೇ, ಇನ್ನೊಂದು ಮಾತ್ರೆ ಹತ್ರ ಅಲ್ಲ” ಎಂದರು. ಶಿಷ್ಯನಾಗುವುದು ನನಗೆ ಅಂದು ಹಿತವಾಗಿತ್ತು. ಉಬ್ಬಸಕ್ಕೆ ಎಷ್ಟು ಮಾತ್ರೆಯೆಂದು ಲೇಬಲ್ಲಿನಲ್ಲಿತ್ತು. ಜನರ ಭಯಕ್ಕೆ ಎಷ್ಟೆಂದು ಇರಲಿಲ್ಲ. ನಾನು ನುಂಗಿದ ಮೂರೂ ಭಯಕ್ಕೇ ಹೋಗಿದ್ದವು.

ಕೈ ನಡುಕ ಇಳಿದಮೇಲೆ ಅವರು ಮಗಳ ಕಡೆ ತಿರುಗಿ, “ಏನವ್ವಾ?” ಎಂದರು. ಮೂರು ಮಾತ್ರೆಗೂ ಹೊಡೆದುಕೊಳ್ಳದಷ್ಟು ಜೋರಾಗಿ ನನ್ನ ಎದೆ ಆಗ ಹೊಡೆದುಕೊಂಡಿತು.

“ಉಬ್ಬಸ ಬಂದಾಗ ಮುಚ್ಚಿಡದೆ ನನ್ನ ಹತ್ರ ಹೇಳ್ತಾರಾ, ಕೇಳಿ ಅಪ್ಪ” ಎಂದಳು ಗಿರಿಜೆ.

ಅವರು ಕೇಳುವವರೆಗೆ ನಾನು ಕಾಯಲಿಲ್ಲ. “ಹೇಳ್ತೀನಿ” ಎಂದೆ.